ಸೋರೆಕಾಯಿಯ ಶ್ಯಾವಿಗೆ

ಕುಂದಾಪುರದ ನಮ್ಮ ಅಡುಗೆಮನೆಗೆ ಹೊಸದೊಂದು ಗ್ಯಾಜೆಟ್ ಬಂದಿದೆ. ಸೋರೆಕಾಯಿ ಸಿಕ್ಕಿಸಿ ಹಿಡಿ ತಿರುಗಿಸಿದರೆ ಉದ್ದುದ್ದ ನೂಡಲ್ಸ್ ಇಳಿಯುತ್ತದೆ. ನನ್ನ ಶುಗರ್ ರಿಪೋರ್ಟ್ ನೋಡಿದ್ದೇ ಸೊಸೆ ಸುಮನಾ ತರಿಸಿದ್ದು. "ಅತ್ತೆ, ಹತ್ತ್ ನಿಮ್ಷದ್ ಕೆಲ್ಸ. ಉಪ್ಪ್ ಮಾತ್ರ ಕಡಿಗೆ ಹಾಕಿ, ಇಲ್ದಿರೆ ನೀರ್ ಬಿಡತ್ತ್" ಎಂದು ಹೇಳಿ ಬಟ್ಟೆ ಒಣಹಾಕಲು ಹೋದಳು.

ಹಿಡಿ ತಿರುಗಿಸಿದೆ. ಬೆಳ್ಳಗೆ ಇಳಿದ ಎಳೆಗಳನ್ನು ಕಂಡು, ನಂಬುತ್ತೀರೋ ಇಲ್ಲವೋ, ಹಿಡಿ ಬಿಟ್ಟು ಹಿಂದೆ ಸರಿದೆ.

ನನ್ನ ಶಾಲೆಯ ದಿನಗಳಲ್ಲಿ ಕೋಟದ ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರ ಇಂಗ್ಲಿಷ್ ಅರ್ಥ ಮಾಡಿ ಹೇಳಲು ಹೋದವಳು ನಾನು. ಕಾನ್ವೆಂಟ್ ಹುಡುಗಿಯೆಂಬ ಜಂಬ ಬೇರೆ. ಅವರು 'ನೋ ರೈಸ್' ಎಂದರು. ನಾನು ಠೀವಿಯಿಂದ, "ಅನ್ನ ಉಂಬುಕಾಗ ಅಂಬ್ರ್" ಎಂದೆ.

"ಅಷ್ಟೇ ಅಲ್ದಾ? ದಿನಾ ಎರಡ್ ಹೊತ್ತೂ ಒಪ್ಪತ್ತ್ ಮಾಡಿರಾಯ್ತ್" ಎಂದಳು ದೊಡ್ಡಮ್ಮ.

ನಮ್ಮಲ್ಲಿ ಒಪ್ಪತ್ತಿನ ದಿನ ಒಂದು ಹೊತ್ತು ಅನ್ನ ಮುಟ್ಟುವುದಿಲ್ಲ, ಫಲಾಹಾರ ಮಾಡುತ್ತೇವೆ. ಹಣ್ಣಲ್ಲ ಮತ್ತೆ! ಅವಲಕ್ಕಿ, ದೋಸೆ, ಶ್ಯಾವಿಗೆ. ಎಲ್ಲವೂ ಅಕ್ಕಿಯೇ, ಆದರೆ ನಮ್ಮ ಪಾಲಿಗೆ ಊಟವಲ್ಲ. ರಜೆಯಿಡೀ ನಾನೇ ಶ್ಯಾವಿಗೆ ಒತ್ತುವ ಒರಳಿನ ಹಿಡಿ ತಿರುಗಿಸಿದೆ. ಅವಳು ಬಾಳೆಲೆ ಹಿಡಿದು ಎಳೆ ಸುತ್ತಿಕೊಂಡಳು. ಮೇಲೆ ಬೆಲ್ಲದ ಕಾಯಿಹಾಲು. "ಬೆಲ್ಲ ಸಕ್ರಿ ಅಲ್ಲ ಮಗಾ." ನನಗೂ ಅದು ಸರಿಯೆನಿಸಿತ್ತು. ಎಂಥ ಎಜುಕೇಶನ್!

ಪಾದದ ಹುಣ್ಣನ್ನು ಅವಳು ಸೀರೆಯ ನಿರಿಗೆಯಲ್ಲಿ ಮುಚ್ಚಿಟ್ಟಿದ್ದಳು. ನಾನೊಬ್ಬಳು ನೋಡಿದ್ದೆ. "ಯಾರಿಗೂ ಹೇಳ್ಬೇಡ, ನೋವೇ ಇಲ್ಲ." ನೋವಿಲ್ಲದ್ದಕ್ಕೇ ಹೆದರಬೇಕಿತ್ತೆಂದು ತಿಳಿದದ್ದು ಅವಳ ಕಾಲು ಕತ್ತರಿಸಿದ ಮೇಲೆ.

ಈಗ ನಿಮಗೊಂದು ಗುಟ್ಟು. ನಾಲ್ಕು ದಿನದಿಂದ ನನ್ನ ಎಡ ಹಿಮ್ಮಡಿಯಲ್ಲಿ ಒಂದು ಗಾಯ. ನೋವಿಲ್ಲ. ಮನೆಯೊಳಗೂ ಸಾಕ್ಸ್ ಹಾಕಿಕೊಂಡು ಓಡಾಡುತ್ತಿದ್ದೇನೆ. ಕೇಳಿದರೆ, "ಟೈಲ್ಸ್ ಕೋಲ್ಡ್" ಎನ್ನುತ್ತೇನೆ, ಕುಂದಾಪುರದ ಈ ಸೆಕೆಯಲ್ಲಿ! ನೂಡಲ್ಸ್ ತಿಂದರೆ ತಾನಾಗಿ ಮಾಯುತ್ತದೆಂದು ನಂಬಿಕೊಂಡಿದ್ದೆ.

ಸಾಸಿವೆ ಸಿಡಿಯಿತು. ನೂಡಲ್ಸ್ ಹಾಕಿದೆ. ಗಾಬರಿಯಲ್ಲಿ ಉಪ್ಪು ಮೊದಲೇ ಬಿತ್ತು. ಒಳಗೆ ಬಂದ ಸುಮನಾ ಬಾಣಲೆ ಇಣುಕಿ, "ಇದೆಂತ ಅತ್ತೆ, ಪಾಯ್ಸವಾ?" ಎಂದು ನಕ್ಕಳು.

ನಾನು ಸ್ಟೂಲಿನ ಮೇಲೆ ಕುಳಿತು ಎಡಗಾಲಿನ ಸಾಕ್ಸ್ ತೆಗೆದೆ. "ಇದನ್ನೊಂಚೂರ್ ಕಾಣ್ ಮಗಾ."

ನಗು ನಿಂತಿತು. "ಎಷ್ಟ್ ದಿನ ಆಯ್ತ್?"

"ನಾಲ್ಕ್."

ಸುಮನಾ ಒಲೆ ಆರಿಸಿ ಕಾರಿನ ಕೀ ತೆಗೆದುಕೊಂಡಳು. ಬಾಗಿಲ ಬಳಿ ಅವಳ ಕೈ ಹಿಡಿದು ಹೇಳಿದೆ: "ಡಾಕ್ಟ್ರ್ ಹತ್ರ ನೀನೇ ಮಾತಾಡ್. ಎಂತೆಂತ ತಿಂಬುಕಾಗ, ಒಂದೊಂದೇ ಹೆಸ್ರ್ ಹೇಳಿ ಕೇಳ್."