ಎರಡು ಸಲ ತಿರುವಿದ ಮುಚ್ಚಳ

ಇವತ್ತು ಬೆಳಿಗ್ಗೆ ಅಣ್ಣ ಪಾರ್ವತಿನಗರದ ನಮ್ಮ ಮನೆಗೆ ಬಂದಿದ್ದ. ರೊಟ್ಟಿಗೆ ಉಪ್ಪಿನಕಾಯಿ ಹಾಕಿಕೊಂಡು ಜಾಡಿಯ ಮುಚ್ಚಳ ತಿರುವಿದ. ಒಂದು ತುತ್ತು ತಿಂದು, ಏನೋ ನೆನಪಾದವನಂತೆ ಮತ್ತೊಮ್ಮೆ ತಿರುವಿ ನೋಡಿದ.

"ಬಾವಾರ, ಕಾಯಿ ಎದ್ದು ಓಡಿ ಹೋಗಾಂಗಿಲ್ರಿ," ಎಂದು ನನ್ನ ಹೆಂಡತಿ ನಕ್ಕಳು.

"ನನ್ನ ಕೈ ನಂಬಬ್ಯಾಡವ್ವಾ," ಎಂದು ಅಣ್ಣನೂ ನಕ್ಕ. ನಾನೂ ನಕ್ಕೆ. ಎಷ್ಟೋ ವರ್ಷಗಳಿಂದ ಹೀಗೇ ನಗುತ್ತಾ ಬಂದಿದ್ದೇನೆ. ಆ ನಗುವಿನ ಬೇರು ಎಲ್ಲಿದೆ ಎಂದು ನಿಮಗೆ ಹೇಳಬೇಕು.

ಎಪ್ಪತ್ತರ ದಶಕದಲ್ಲಿ ಅಣ್ಣನ ಹತ್ತಿರ ಒಂದು ಹಳೆಯ ಕಾರಿತ್ತು. ಬಳ್ಳಾರಿಯಿಂದ ಕುರುಗೋಡಿಗೂ ಸಿರುಗುಪ್ಪಕ್ಕೂ ಬಾಡಿಗೆ ಹೊಡೆಯುತ್ತಿದ್ದ. ಎತ್ತು ಸಾಕಿದ ಮನೆತನ ನಮ್ಮದು. ಆ ಉಪಚಾರವೆಲ್ಲ ಕಾರಿಗೆ ಸಿಕ್ಕಿತು. ಪ್ರತಿ ಸೋಮವಾರ ನಾಲ್ಕು ಕೊಡ ನೀರು ಹುಯ್ದು ತೊಳೆದು, ಅದರ ಹಣೆಗೆ ಮೂರು ಬೆರಳಿನ ವಿಭೂತಿ ಎಳೆಯುತ್ತಿದ್ದ. "ಈ ಮನ್ಯಾಗ ನನಗಿಂತ ಅದಕ್ಕ ನೀರು ಜಾಸ್ತಿ," ಎಂದು ಅತ್ತಿಗೆ ಗೊಣಗುತ್ತಿದ್ದಳು.

ಆರನೇ ತರಗತಿಗೆ ಶಾಲೆ ಬಿಟ್ಟ ನಾನು ಆ ಹೊತ್ತಿಗೆ ಕಂಟೋನ್ಮೆಂಟಿನ ಒಂದು ಶೆಡ್ಡಿನಲ್ಲಿ, ಕೆಲಸ ಕಲಿಸಿದ ಉಸ್ತಾದರ ಕೈಕೆಳಗೆ ಮೆಕ್ಯಾನಿಕ್. ಕೆಲಸಕ್ಕಿಂತ ಬಾಯಿ ದೊಡ್ಡದು. ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಇಳಿಯುವ ಕೊಳವೆಗೆ ನಾವು ಟ್ಯಾಂಕಿನ ಕತ್ತು ಎನ್ನುತ್ತಿದ್ದೆವು. ಅಣ್ಣನ ಕಾರಿನ ಕತ್ತು ತುಕ್ಕು ತಿಂದು, ಟ್ಯಾಂಕು ತುಂಬಿಸಿದ ದಿನವೆಲ್ಲ ಹಿಂದಿನ ಚಕ್ರದ ಮೇಲೆ ಪೆಟ್ರೋಲ್ ಜಿನುಗುತ್ತಿತ್ತು.

"ಉಸ್ತಾದ್ ಯಾಕ ಬೇಕು? ನಾ ಮಾಡ್ತೀನಿ ಬಿಡು," ಎಂದೆ.

ಮಾಡುವ ರೀತಿ ಗೊತ್ತಿತ್ತು. ಟ್ಯಾಂಕು ಖಾಲಿ ಮಾಡಿ, ಕತ್ತು ಬಿಚ್ಚಿ, ತುಕ್ಕು ತಿಂದ ತುಂಡು ಕತ್ತರಿಸಿ, ಹೊಸ ತುಂಡು ಬೆಸೆಯಬೇಕು. ಆದರೆ ಹಿಂದೊಮ್ಮೆ ಖಾಲಿ ಟ್ಯಾಂಕೊಂದು ಬೆಂಕಿ ತಾಗಿ ಢಬ್ ಎಂದದ್ದನ್ನು ನೋಡಿದ್ದೆ. ಅಂದಿನಿಂದ ಪೆಟ್ರೋಲ್ ಮುಟ್ಟಿದ್ದ ತಗಡಿನ ಹತ್ತಿರ ಬೆಸೆಯುವ ಬೆಂಕಿ ಹಿಡಿಯುವ ಕೆಲಸವನ್ನು ಬೇರೆಯವರಿಗೆ ದಾಟಿಸುತ್ತಿದ್ದೆ. ಹೆದರಿಕೆ ಎಂದು ಹೇಳಲು ನಾಚಿಕೆ. ಬಟ್ಟೆ ಒಗೆಯುವ ಹಳದಿ ಸಾಬೂನು ನಾದಿ ತೂತುಗಳಿಗೆ ಮೆತ್ತಿದೆ, ಮೇಲೆ ಚಿಂದಿ ಬಟ್ಟೆ ಸುತ್ತಿದೆ, ಕಪ್ಪು ಬಣ್ಣ ಬಳಿದೆ. ದಾರಿಯಲ್ಲಿ ಸೋರಿದರೆ ಡ್ರೈವರುಗಳು ಮಾಡುವ ಉಪಾಯ ಅದು. ಸಾಬೂನು ಪೆಟ್ರೋಲಿಗೆ ಕರಗುವುದಿಲ್ಲ. "ಸಾಬೂನು ಊರು ಮುಟ್ಟಾಕ, ಊರು ಬಿಡಾಕಲ್ಲ," ಎಂದು ಉಸ್ತಾದ್ ಹೇಳುತ್ತಲೇ ಇದ್ದರು.

"ಗಟ್ಟಿ ಐತೇನಲೇ?" ಎಂದು ಅಣ್ಣ ಕೇಳಿದ.

"ಹೊಸಾ ಕತ್ತು ಹಾಕೀನಿ. ನಿನ್ನ ಕಾರು ಮಣ್ಣಾದರೂ ಅದಕ್ಕೇನಾಗಾಂಗಿಲ್ಲ."

ಅಣ್ಣ ಕುರುಗೋಡಿನವರೆಗೂ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ, ಚಹಾದಂಗಡಿಯವರಿಗೆಲ್ಲ, "ನನ್ನ ತಮ್ಮನ ಕೆಲಸ ನೋಡ್ರಿ," ಎಂದ. ನಾನು ಮೀಸೆ ತಿರುವಿದೆ.

ಮರುವಾರ ಸೋಮವಾರ ಬಂತು. ಅಣ್ಣ ನಾಲ್ಕು ಕೊಡ ನೀರು ಹುಯ್ದ. ಸಾಬೂನು ನೀರಿಗೆ ಕರಗುತ್ತದೆ ಎಂದು ತಿಳಿಯಲು ಯಾವ ಶಾಲೆಯೂ ಬೇಕಿರಲಿಲ್ಲ, ನೋಡಿ. ಟ್ಯಾಂಕು ತುಂಬಿಸಿಕೊಂಡು ಸಿರುಗುಪ್ಪಕ್ಕೆ ಹೋದ. ಅಲ್ಲಿ ಅಕ್ಕಿ ಗಿರಣಿಯ ಮುಂದೆ ಇಳಿದ ಗಿರಾಕಿಯೊಬ್ಬ ಕಾರಿನ ಹಿಂದೆ ನಿಂತು ಬೀಡಿ ಹಚ್ಚಿ, ಕಡ್ಡಿಯನ್ನು ಚಕ್ರದ ಬಳಿ ಎಸೆದ. ಜಿನುಗಿದ್ದ ಪೆಟ್ರೋಲ್ ಭಗ್ಗೆಂದು ಹತ್ತಿಕೊಂಡಿತು. ಅಣ್ಣ ಗೋಣಿಚೀಲ ತಂದು ಬಡಿದು ಬೆಂಕಿ ಆರಿಸಿದ. ಗಿರಾಕಿಗೆ ಏನೂ ಆಗಲಿಲ್ಲ. ಅಣ್ಣನ ಬಲಗೈ ಮುಂಗೈವರೆಗೆ ಬೆಂದುಹೋಯಿತು.

ಆಸ್ಪತ್ರೆಯಲ್ಲಿ ಅವನೇ ನನಗೆ ಸಮಾಧಾನ ಹೇಳಿದ: "ಅಳಬ್ಯಾಡಲೇ. ನಿನ್ನ ಕತ್ತು ಗಟ್ಟಿ ಇತ್ತು. ನಾನೇ ಪೆಟ್ರೋಲ್ ಹಾಕಿಸಿ ಮುಚ್ಚಳ ಸರಿಯಾಗಿ ತಿರುವಿಲ್ಲ."

ಬಾಯಿ ದೊಡ್ಡದಾಗಿದ್ದ ನಾನು ಆವತ್ತು ಸಾಬೂನಿನ ಸುದ್ದಿ ನುಂಗಿಕೊಂಡೆ. ಅಣ್ಣ ಕಾರು ಮಾರಿದ. ಮತ್ತೆಂದೂ ಸ್ಟೇರಿಂಗ್ ಹಿಡಿಯಲಿಲ್ಲ. ಅಂದಿನಿಂದ ಯಾವ ಮುಚ್ಚಳವನ್ನೂ ಎರಡು ಸಲ ತಿರುವದೆ ಬಿಡುವುದಿಲ್ಲ.

ಇವತ್ತು ಹೆಂಡತಿ ಒಳಗೆ ಹೋದ ಮೇಲೆ ಹೇಳಿದೆ: "ಅಣ್ಣಾ, ಸಿರುಗುಪ್ಪಕ್ಕ ಹೋದ ದಿನ ನೀ ಮುಚ್ಚಳ ಬರೋಬ್ಬರಿ ಹಾಕಿದ್ದಿ." ಆಮೇಲೆ ಸಾಬೂನಿನ ವಿಷಯವನ್ನೂ ಹೇಳಿದೆ.

ಅಣ್ಣ ತನ್ನ ಸೊಟ್ಟ ಬೆರಳುಗಳನ್ನೇ ನೋಡುತ್ತಾ ಕೂತ.

"ಕೈ ಸುಟ್ಟಿದ್ದಕ್ಕ ನಾ ಗಾಡಿ ಬಿಡಲಿಲ್ಲಲೇ," ಎಂದ. "ಕೈ ಮಾಯ್ದಿತ್ತು. ಮಂದೀನ ಕುಂದ್ರಿಸ್ಕೊಂಡು ಹೋಗಾಕ ನನ್ನ ಮ್ಯಾಲೆ ನನಗ ನಂಬಿಕಿ ಇರಲಿಲ್ಲ."

ನಾನು ಅವನ ಕಾಲು ಮುಟ್ಟಲು ಬಗ್ಗಿದೆ. ಅಣ್ಣ ಕಾಲು ಹಿಂದಕ್ಕೆಳೆದುಕೊಂಡ. ಜಾಡಿ ತೆರೆದು ಇನ್ನೊಂದು ಹೋಳು ತೆಗೆದುಕೊಂಡ, ಉಳಿದ ರೊಟ್ಟಿ ತಿಂದ, ಕೈ ತೊಳೆದು ಹೊರಟುಹೋದ.

ಜಾಡಿ ತೆರೆದೇ ಇತ್ತು. ಪಕ್ಕದಲ್ಲಿ ಅಂಗಾತ ಬಿದ್ದಿದ್ದ ಮುಚ್ಚಳವನ್ನು ಎತ್ತಿ ತಿರುವಿದೆ. ಬಾಗಿಲವರೆಗೆ ಹೋದವನು ತಿರುಗಿ ಬಂದು, ಮತ್ತೊಮ್ಮೆ ತಿರುವಿ ನೋಡಿದೆ.