ದಾರ ಎಳೆದ ಕೈ

ಆ ಬೀದಿಯಲ್ಲಿ ಟೈಲರಮ್ಮನಿಂದ ಬೈಸಿಕೊಳ್ಳದ ಜೀವ ಒಂದೇ ಒಂದು, ಅವಳ ಬೆಕ್ಕು. ಸಿಟ್ಟು ಕೆಲವರಿಗೆ ಮೂಗಿನ ತುದಿಯಲ್ಲಿರುತ್ತದೆ ಎನ್ನುತ್ತಾರೆ. ಇವಳದು ಅಷ್ಟು ದೂರವೂ ಹೋಗದೆ ನಾಲಿಗೆಯ ಮೇಲೇ ಮನೆ ಮಾಡಿಕೊಂಡಿತ್ತು. ಅಳತೆ ಕೊಡಲು ಬಂದವರು ಹೊಟ್ಟೆ ಒಳಗೆಳೆದು ನಿಂತರೆ ಟೇಪು ಬಿಸಾಕಿ, "ಮನೇಲೂ ಹೀಗೇ ಉಸಿರು ಕಟ್ಟಿಕೊಂಡು ಓಡಾಡ್ತೀರಾ? ಬಿಡ್ರೀ ಹೊಟ್ಟೇನ!" ಎಂದು ಗದರುವಳು. ಆದರೂ ಗಿರಾಕಿಗಳಿಗೆ ಕೊರತೆಯಿರಲಿಲ್ಲ. ಅವಳು ಹೊಲಿದ ಬಟ್ಟೆಯಲ್ಲಿ ಒಂದೆಳೆ ದಾರ ಹೊರಗೆ ಇಣುಕಿದ್ದನ್ನು ಕಂಡವರಿಲ್ಲ.

ಅದು ಅಪ್ಪ ಕಲಿಸಿದ ಪಾಠ. ಹನ್ನೊಂದನೇ ವಯಸ್ಸಿಗೆ ಅಪ್ಪನ ಅಂಗಡಿಯಲ್ಲಿ ಕೂತಾಗ ಸಿಕ್ಕಿದ ಮೊದಲ ಕೆಲಸವೇ ಜೋತಾಡುವ ದಾರ ಕೀಳುವುದು. ನಲವತ್ತು ವರ್ಷದಲ್ಲಿ ಅದು ಗೀಳಾಗಿಬಿಟ್ಟಿತ್ತು. ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತನ ಕಾಲರಿನಿಂದ ದಾರ ಕಿತ್ತು, ಅವನು ಗಾಬರಿಯಿಂದ ತಿರುಗಿದರೆ, "ಯಾರ್ರೀ ನಿಮ್ಮ ಟೈಲರ್? ಅವನ ಕೈಗಿಷ್ಟು ಬೆಂಕಿ ಹಾಕ!" ಎಂದು ಅವನನ್ನೇ ದಬಾಯಿಸಿದವಳು. ದಾರ ಕಂಡರೆ ಅವಳ ಕೈ ತಲೆಯ ಅಪ್ಪಣೆಗೆ ಕಾಯುತ್ತಿರಲಿಲ್ಲ.

ಗಂಡ ಅದೇ ಅಂಗಡಿಯಲ್ಲಿ ಕಾಜ ಹಾಕಿ, ಗುಂಡಿ ಹೊಲಿದು, ಇಸ್ತ್ರಿ ಮಾಡುವವನು. ಬಾಯಿಲ್ಲದ ಮನುಷ್ಯ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಅವನು ಎದುರಾಡಿದ್ದು ಯಾರಿಗೂ ನೆನಪಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಗಿರಾಕಿಯ ಮೇಲಿನ ಸಿಟ್ಟು, ಸೂಜಿ ಮುರಿದ ಸಿಟ್ಟು, ಕರೆಂಟು ಹೋದ ಸಿಟ್ಟು ಎಲ್ಲಕ್ಕೂ ಅವನ ತಲೆಯೇ ಗುರಿ.

ಬೆಕ್ಕಿನ ಹೆಸರು ಬಾಬಿನ್, ಹೊಲಿಗೆ ಯಂತ್ರದೊಳಗೆ ದಾರ ಸುತ್ತಿಡುವ ಪುಟ್ಟ ಉರುಳೆಯ ಹೆಸರು. ಎರಡು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಚಿಂದಿ ಮೂಟೆಯೊಳಗೆ ಬಿಟ್ಟುಹೋದ, ಇನ್ನೂ ಕಣ್ಣು ತೆರೆಯದ ಮರಿ. ಟೈಲರಮ್ಮ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ತಂದು, ಮೂರು ಗಂಟೆಗೊಮ್ಮೆ ಕುಡಿಸಿ ಬದುಕಿಸಿದಳು. ಕನಿಕರಪಟ್ಟು ಬಟ್ಟಲಲ್ಲಿ ಹಸುವಿನ ಹಾಲು ತಂದ ಪಕ್ಕದಂಗಡಿಯವನಿಗೆ, "ಭೇದಿ ಆದ್ರೆ ನೀನು ಬಳೀತೀಯಾ?" ಎಂದು ನೀರಿಳಿಸಿದ್ದಳು. ಚುಚ್ಚುಮದ್ದು, ಹುಳುವಿನ ಮಾತ್ರೆ ಒಂದೂ ತಪ್ಪಿಸಿರಲಿಲ್ಲ. ಜಗತ್ತಿನಲ್ಲಿ ಅವಳು ದನಿ ಇಳಿಸಿ ಮಾತಾಡುತ್ತಿದ್ದುದು ಆ ಬೆಕ್ಕಿನ ಜೊತೆ ಮಾತ್ರ.

ಒಂದು ಗುರುವಾರ ಬೆಳಗ್ಗೆ ಅಂಗಡಿ ತೆರೆದರೆ ಬಾಬಿನ್ ಇಸ್ತ್ರಿ ಮೇಜಿನ ಕೆಳಗೆ ಮುದುಡಿ ಕೂತಿತ್ತು. ಬಾಯಿಂದ ಜೊಲ್ಲು, ಮುಂದೆ ಹಳದಿ ನೊರೆಯ ವಾಂತಿ, ತುಟಿಯ ಅಂಚಿನಲ್ಲಿ ಬೆರಳುದ್ದ ನೀಲಿ ದಾರ. ಕೈ ಹೋಗಿಯೇ ಬಿಟ್ಟಿತು. ಎಳೆದಳು. ಗೇಣುದ್ದ ಬಂದು ಎಲ್ಲೋ ಸಿಕ್ಕಿಕೊಂಡಿತು. ಇನ್ನೊಮ್ಮೆ ಜಗ್ಗಿದಳು. ಆಗ ಬೆಕ್ಕು ಕೂಗಿದ ಕೂಗಿಗೆ ದಾರ ಬಿಟ್ಟುಬಿಟ್ಟಳು.

ಹೆದರಿಕೆ ಆದರೂ ಅವಳಲ್ಲಿ ಹೊರಬರುವುದು ಸಿಟ್ಟಾಗಿಯೇ. ಬೆಕ್ಕನ್ನು ಬುಟ್ಟಿಗೆ ಹಾಕಿಕೊಂಡು ಆಟೋ ಹತ್ತಿದವಳು ದಾರಿಯುದ್ದಕ್ಕೂ ಗಂಡನ ಚರ್ಮ ಸುಲಿದಳು. "ಕಣ್ಣು ಏನು ಇಸ್ತ್ರಿ ಪೆಟ್ಟಿಗೆ ಒಳಗಿಟ್ಟಿದ್ರಾ? ದಾರ ಡಬ್ಬಿಗೆ ಹಾಕಿ, ನೆಲಕ್ಕೆ ಬಿಡಬೇಡಿ ಅಂತ ಸಾವಿರ ಸಲ ಬಡ್ಕೊಂಡಿದೀನಿ. ಇದಕ್ಕೇನಾದ್ರೂ ಆಗಲಿ, ಆಮೇಲೆ ಇದೆ ನಿಮಗೆ!" ಅವನು ಬುಟ್ಟಿ ಅಲುಗದಂತೆ ಹಿಡಿದುಕೊಂಡಿದ್ದ.

ಪ್ರಾಣಿಗಳ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಬೆಕ್ಕಿನ ಬಾಯಿ ಬಿಡಿಸಿ ನಾಲಿಗೆಯ ಕೆಳಗೆ ನೋಡಿದಳು, ಹೊಟ್ಟೆ ಒತ್ತಿ ನೋಡಿದಳು.

"ದಾರ ನಾಲಿಗೆ ಬುಡಕ್ಕೆ ಸುತ್ತಿಕೊಂಡಿದೆ. ಇನ್ನೊಂದು ತುದಿ ಕರುಳಲ್ಲಿದೆ. ಬೆಕ್ಕಿನ ನಾಲಿಗೆ ಮೇಲಿನ ಮುಳ್ಳು ಒಳಮುಖವಾಗಿರುತ್ತೆ, ಬಾಯಿಗೆ ಸಿಕ್ಕಿದ ದಾರ ಉಗುಳೋಕೆ ಬರಲ್ಲ. ಕರುಳು ಆ ದಾರದ ಮೇಲೆ ಮುದುರಿಕೊಂಡು ಕೂತಿದೆ. ಎಳೆದ್ರೆ ದಾರ ಕರುಳನ್ನೇ ಕೊಯ್ಯುತ್ತೆ. ಯಾರಾದ್ರೂ ಎಳೆದ್ರಾ?"

ಟೈಲರಮ್ಮನಿಗೆ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಮಕ್ಕಳ ಫ್ರಾಕಿಗೆ ಫ್ರಿಲ್ ಮಾಡುವುದೇ ಹಾಗೆ. ಬಟ್ಟೆಯುದ್ದಕ್ಕೂ ಸಡಿಲ ಹೊಲಿಗೆ ಹಾಕಿ ದಾರದ ತುದಿ ಎಳೆದರೆ ನೆರಿಗೆ ಕೂಡುತ್ತದೆ. ಬಟ್ಟೆ ತೆಳುವಾಗಿದ್ದು ಕೈ ಬಿರುಸಾದರೆ ಹರಿದೇ ಹೋಗುತ್ತದೆ. ಸಾವಿರಾರು ಸಲ ಮಾಡಿದ ಕೆಲಸ. ಲೋಕದಲ್ಲಿ ಯಾರಿಗೆ ಗೊತ್ತಿರದಿದ್ದರೂ ಅವಳಿಗೆ ಗೊತ್ತಿರಬೇಕಿತ್ತು.

"ನಾನೇ ಮೇಡಂ," ಎಂದ ಗಂಡ. "ಗೊತ್ತಾಗದೆ ಎಳೆದುಬಿಟ್ಟೆ."

"ಸುಳ್ಳು!" ಅವಳು ಕಿರುಚಿದ ರಭಸಕ್ಕೆ ಹೊರಗೆ ಕೂತಿದ್ದ ಯಾರದೋ ನಾಯಿ ಬೊಗಳಿತು. "ಎಳೆದಿದ್ದು ನಾನು. ಎರಡು ಸಲ. ನನ್ನ ತಪ್ಪು ತಲೆ ಮೇಲೆ ಹೊತ್ಕೊಳ್ಳಿ ಅಂತ ನಿಮ್ಮನ್ನ ಯಾರ್ರೀ ಕೇಳಿದ್ದು?"

ಡಾಕ್ಟರಿಗೆ ಗಂಡ ಹೆಂಡಿರ ಜಗಳ ಬೇಕಿರಲಿಲ್ಲ. "ಊಟ ಬಿಟ್ಟು ಎಷ್ಟು ಹೊತ್ತಾಯ್ತು?"

"ಇವತ್ತು ಬೆಳಗ್ಗೆಯಿಂದ," ಎಂದಳು ಟೈಲರಮ್ಮ.

"ಮೂರು ದಿನದಿಂದ," ಎಂದ ಗಂಡ, ನೆಲ ನೋಡುತ್ತ. "ತಟ್ಟೆಯಲ್ಲಿ ಉಳಿದಿದ್ದನ್ನ ನಾನೇ ತೆಗೆದು ಹಾಕ್ತಿದ್ದೆ. ವಾಂತಿನೂ ಒರೆಸಿಬಿಟ್ಟೆ."

"ಬೆಕ್ಕು ಒಂದು ದಿನ ಪೂರ್ತಿ ತಿನ್ನದಿದ್ರೇ ತರಬೇಕು," ಎಂದ ಡಾಕ್ಟರ ದನಿಯಲ್ಲೂ ಸಿಟ್ಟಿತ್ತು. "ಮೊದಲ ದಿನವೇ ತಂದಿದ್ರೆ ಇಷ್ಟಾಗ್ತಿರಲಿಲ್ಲ. ಈಗ ಹೊಟ್ಟೆ ಕೊಯ್ಯಬೇಕು, ಉಳಿಯುತ್ತೆ ಅಂತ ಮಾತು ಕೊಡಲಾರೆ."

ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ಟೈಲರಮ್ಮ ಗಂಡನತ್ತ ತಿರುಗಿದಳು. "ಮೂರು ದಿನ! ಕಣ್ಣಾರೆ ನೋಡ್ಕೊಂಡು ಸುಮ್ಮನಿದ್ರಾ? ಯಾಕೆ ಹೇಳಲಿಲ್ಲ? ಬಾಯಿಗೇನು ಹೊಲಿಗೆ ಹಾಕ್ಕೊಂಡಿದ್ರಾ?"

"ದಾರ ಬೀಳಿಸಿದ್ದು ನಾನೇ ಇರಬೇಕು ಅನ್ನಿಸ್ತು," ಎಂದ ಅವನು. "ನೀನು ಬೈತೀಯ ಅಂತ ಹೆದರಿಕೆ ಆಯ್ತು ಕಣೇ."

ದೂರು ಹೇಳುವ ದನಿಯಲ್ಲ, ಅಂಗಿಯ ಅಳತೆ ಹೇಳುವ ದನಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ಹಿರಿಯರು ಕೇಳಿದ್ದು ಸುಮ್ಮನೆ ಅಲ್ಲ. ಬೆಕ್ಕಿಗೆ ವೇಳೆಗೆ ಸರಿಯಾಗಿ ಮದ್ದು ಕೊಟ್ಟವಳ ಬೈಗುಳವೇ ಅದರ ಮೂರು ದಿನ ನುಂಗಿತ್ತು.

ಮೂರು ಗಂಟೆಯ ನಂತರ ಡಾಕ್ಟರು ಬಂದು, ದಾರ ಕರುಳನ್ನು ನಾಲ್ಕು ಕಡೆ ಕೊಯ್ದಿತ್ತು, ಒಂದು ತುಂಡು ತೆಗೆದು ಹೊಲಿದಿದ್ದೇನೆ ಎಂದಳು. ಹತ್ತು ದಿನ ದಾಟಿದರೆ ಪಾರಾದಂತೆ. ನಡುವೆ ವಾಂತಿಯಾದರೆ ಒಂದು ನಿಮಿಷವೂ ತಡಮಾಡದೆ ತರಬೇಕು.

ಆರನೇ ದಿನ ಗಂಡ ಅವಳ ಯಂತ್ರದ ಪಕ್ಕ ಬಂದು ನಿಂತ. ಅಂಗಡಿಯಲ್ಲಿ ಕೋಟು ಒಯ್ಯಲು ಬಂದ ಗಿರಾಕಿ ಕಾಯುತ್ತಿದ್ದ.

"ಬಾಬಿನ್ ವಾಂತಿ ಮಾಡ್ತು. ಈಗಷ್ಟೇ. ಇಸ್ತ್ರಿ ಮಾಡಿಟ್ಟ ಕೋಟಿನ ಮೇಲೆ."

ಆ ವಾಂತಿ ಮದ್ದು ಒಗ್ಗದ್ದರಿಂದ ಬಂದದ್ದು, ಬಾಬಿನ್ ಉಳಿದುಕೊಂಡಿತು. ಆದರೆ ಅದು ಆಮೇಲೆ ಗೊತ್ತಾದದ್ದು. ಆ ಗಳಿಗೆಯಲ್ಲಿ ಟೈಲರಮ್ಮನ ಜೀವ ಬಾಯಿಗೆ ಬಂತು, ಅದರ ಹಿಂದೆಯೇ ಮಾಮೂಲಿನಂತೆ ಬೈಗುಳವೂ ಬಂತು. ಅದನ್ನು ಹಲ್ಲು ಕಚ್ಚಿ ನುಂಗಿದಳು. ಬಿಸಿ ಕೆಂಡ ನುಂಗಿದ ಹಾಗಾಯಿತು.

"ಅಲ್ಲಮ್ಮಾ, ನನ್ನ ಕೋಟು?" ಎಂದ ಗಿರಾಕಿ.

"ನಿಮ್ಮ ಕೋಟು ಸಾಯಲ್ಲ ಕಣ್ರೀ!" ಎಂದು ಅವನ ಮೇಲೆ ಹರಿಹಾಯ್ದು, ಬೆಕ್ಕನ್ನು ಎತ್ತಿಕೊಂಡು ಬಾಗಿಲಿಗೆ ಓಡಿದಳು. ಅಲ್ಲಿಂದ, ಬನ್ನಿ ಎನ್ನಲು ತಿರುಗಿ ನೋಡಿದಳು. ಗಂಡ ಯಂತ್ರದ ಪಕ್ಕದಲ್ಲೇ, ಭುಜ ಕುಗ್ಗಿಸಿ, ತಲೆ ತಗ್ಗಿಸಿ, ಬೈಗುಳಕ್ಕೆ ಕಾಯುತ್ತ ನಿಂತಿದ್ದ.