ಪಾಂಡಿಚೇರಿಗೆ ಹೋಗಿಬಂದ ಕ್ಯಾರಿಯರ್

ನಾನೂ ಒಂದು ಸಲ ವಿದೇಶಕ್ಕೆ ಹೋಗಿಬಂದವನು. ಬಂಗಾರಪೇಟೆಯಲ್ಲಿ ಸಂಜೆ ರೈಲು ಹತ್ತಿದರೆ ಮಾರನೆಯ ದಿನ ಊಟದ ಹೊತ್ತಿಗೆ ತಲುಪಿಬಿಡುವ ವಿದೇಶ ಅದು. ಪಾಂಡಿಚೇರಿ ಆಗ ಇನ್ನೂ ಫ್ರೆಂಚರ ಕೈಯಲ್ಲಿತ್ತು. ನಮಗೆ ಸ್ವಾತಂತ್ರ್ಯ ಬಂದು ಐದಾರು ವರ್ಷವಾಗಿದ್ದರೂ ಆ ಊರಿನ ಗಡಿಯಲ್ಲಿ ಸುಂಕದ ಕಟ್ಟೆಯಿತ್ತು. ಹೋಗುವವರ, ಬರುವವರ ಗಂಟುಮೂಟೆಗಳನ್ನು ಬಿಚ್ಚಿಸಿ ನೋಡುತ್ತಿದ್ದರು. ಹಾಗೆ ಬಿಚ್ಚಿಸದಿದ್ದರೆ ಅದನ್ನು ವಿದೇಶವೆಂದು ನಂಬಲು ನಮ್ಮ ಸ್ಟೋರ್ ಗುಮಾಸ್ತನೂ ಒಪ್ಪುತ್ತಿರಲಿಲ್ಲ.

ಈ ಪ್ರವಾಸ ಆ ಸ್ಟೋರ್ ಗುಮಾಸ್ತನ ತಲೆಯಲ್ಲೇ ಹುಟ್ಟಿದ್ದು. ಚಿನ್ನದ ಗಣಿಯ ಸ್ಟೋರಿನಲ್ಲಿ ಮೊಳೆ, ಹಗ್ಗ, ಮೇಣದ ಬತ್ತಿ ಎಣಿಸಿ ಕೊಡುವ ಕೆಲಸ ಅವನದು. ಮಾತು ಮಾತ್ರ ಬಿಳಿ ದೊರೆಗಳ ಕ್ಲಬ್ಬಿನಲ್ಲಿ ಹುಟ್ಟಿ ಬೆಳೆದವನದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಅವನ ಜುಟ್ಟಿಗೆ ಒಂದು ಕಪ್ಪು ಕನ್ನಡಕವೂ ಇತ್ತು. ಅವನ ಜೊತೆಗೆ ರಾಬರ್ಟ್‌ಸನ್‌ಪೇಟೆಯ ಜವಳಿ ಅಂಗಡಿಯವರ ಮಗ. ಗುಮಾಸ್ತ ಸೀನಿದರೂ ಅದರಲ್ಲೊಂದು ಜಾಣತನ ಕಂಡು ನಗುವವನು. ಮೂರನೆಯವನು ನಾನು. ಗಣಿಯ ಟೈಮಾಫೀಸಿನಲ್ಲಿ ಕೂಲಿಯವರ ಹಾಜರಿ ಬರೆಯುತ್ತಿದ್ದೆ. ಬಂಗಾರಪೇಟೆ ಸ್ಟೇಷನ್ನಿನ ಹಿಂದೆ ಬಾಡಿಗೆ ಮನೆಯಲ್ಲಿ ನಾನು ಮತ್ತು ನಮ್ಮಮ್ಮ ಇದ್ದೆವು. ಈ ಇಬ್ಬರ ಜೊತೆ ನಿಂತರೆ ನಾನೂ ಒಬ್ಬ ಮನುಷ್ಯ ಅನ್ನಿಸುತ್ತಿತ್ತು. ನನ್ನ ಯೋಗ್ಯತೆ ಅಷ್ಟೇ ಆಗಿತ್ತು.

ರೈಲಿನಲ್ಲಿ ಜಾಗ ಹಿಡಿಯಲು ಒಬ್ಬ ಗಟ್ಟಿ ಆಳು ಬೇಕು ಎಂದ ಗುಮಾಸ್ತ. ಹಾಗಾಗಿ ನನ್ನ ಊರಿನ ಗೆಳೆಯನನ್ನು ಕರೆದೆ. ನಾವಿಬ್ಬರೂ ಕಾಮಸಮುದ್ರದ ಕಡೆಯವರು, ಒಟ್ಟಿಗೆ ದನ ಕಾಯ್ದವರು. ನಾನು ಶಾಲೆಗೆ ಹೋದೆ, ಅವನು ಗಣಿಗೆ ಇಳಿದ. ಚಾಂಪಿಯನ್ ರೀಫ್ಸಿನ ಕೂಲಿ ಲೈನಿನಲ್ಲಿ ಕಂಪನಿ ಕೊಟ್ಟ ಒಂದು ಕೋಣೆಯಲ್ಲಿ ಹೆಂಡತಿ, ಎರಡು ವರ್ಷದ ಮಗಳ ಜೊತೆ ಇದ್ದ.

"ಏನ್ಲಾ, ಫಾರಿನ್ನಿಗೆ ಓಗೋಣ ಬತ್ತೀಯಾ?" ಅಂದೆ.

"ಅಲ್ಲೇನೈತೆ?"

"ಸಮುದ್ರ ಐತೆ ಕಣ್ಲಾ."

"ನಮ್ಮೂರ್ ಯೆಸ್ರಲ್ಲೂ ಸಮುದ್ರ ಐತೆ, ನೀರ್ ಒಂದ್ ಇಲ್ಲ. ನಡಿ, ಬತ್ತೀನಿ. ಮುಂದಿನ್ ತಿಂಗ್ಳು ಮೇಸ್ತ್ರಿ ಆದ್ಮೇಲೆ ನಂಗೆಲ್ಲಿ ಪುರುಸೊತ್ತು?"

ಅದು ನಿಜ. ಅವನನ್ನು ಮೇಸ್ತ್ರಿ ಮಾಡಲು ಶಿಫಾರಸು ಹೋಗಿತ್ತು. ಆ ಕಾಗದ ನನ್ನ ಮೇಜಿನ ಮೇಲೇ ಹಾದುಹೋಗಿತ್ತು. ಮೇಸ್ತ್ರಿಯಾದರೆ ಎರಡು ಕೋಣೆಯ ಮನೆ. ಆದರೆ ಬಂಗಾರದ ಊರಿನ ಕಾನೂನು ಬೇರೆಯೇ. ಹೊರಗೆಲ್ಲೋ ಒಂದು ಕಳ್ಳ ಮಾಲಿನ ಜೊತೆ ಹೆಸರು ಸೇರಿದರೂ ಸಾಕು, ಮೇಸ್ತ್ರಿಗಿರಿ ಹಾಗಿರಲಿ, ಇದ್ದ ಕೆಲಸವೂ ಹೋಗುತ್ತಿತ್ತು, ಅದರ ಹಿಂದೆಯೇ ಲೈನಿನ ಮನೆಯೂ ಹೋಗುತ್ತಿತ್ತು. ಇದು ನಾಲ್ಕು ಜನಕ್ಕೂ ಗೊತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ಗಣಿಯಿಂದ ಮೇಲೆ ಬಂದ ಪ್ರತಿಯೊಬ್ಬನನ್ನೂ ಶೋಧಿಸಿ ಬಿಡುತ್ತಿದ್ದರು. ತಲೆಯ ಬಟ್ಟೆ ಬಿಚ್ಚಿ ಕೊಡವಬೇಕು. ಬಾಯಿ ತೆರೆದು ನಾಲಿಗೆ ಎತ್ತಬೇಕು. ಊಟದ ಡಬ್ಬಿಯನ್ನು ಬಿಚ್ಚಿ, ಬೋರಲು ಹಾಕಿ, ತಟ್ಟಿ ತೋರಿಸಬೇಕು. ಆಮೇಲೆ ಎರಡೂ ಕೈ ಎತ್ತಿ ನಿಲ್ಲಬೇಕು. ಕಾವಲುಗಾರ ಮೈ ತಡವಿ, ತಮಿಳಿನಲ್ಲಿ "ಪೋ", ಹೋಗು, ಎಂದಮೇಲೆಯೇ ಕೈ ಇಳಿಸಬೇಕು. ನಾವು ಗುಮಾಸ್ತರು ಇನ್ನೊಂದು ಗೇಟಿನಿಂದ ಕೈಬೀಸಿಕೊಂಡು ಹೋಗುತ್ತಿದ್ದೆವು. ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಬೇರೆ ಊರುಗಳ ಗಾದೆ. ನಮ್ಮಲ್ಲಿ ಕದಿಯದವನೇ ದಿನಾ ಹೆಗಲು ಮುಟ್ಟಿ ತೋರಿಸಬೇಕಿತ್ತು.

ಗುಡ್ ಫ್ರೈಡೇ ರಜೆ ಸಿಕ್ಕಿತು. ಶನಿವಾರ ರಜೆ ಬರೆದುಕೊಟ್ಟು ಗುರುವಾರ ಸಂಜೆಯೇ ಹೊರಟೆವು. ನಮ್ಮಮ್ಮ ತನ್ನ ಮೂರು ಅಂತಸ್ತಿನ ಹಿತ್ತಾಳೆ ಕ್ಯಾರಿಯರಿನ ತುಂಬ ಪುಳಿಯೋಗರೆ ಹಾಕಿ ಗೆಳೆಯನ ಕೈಗೇ ಕೊಟ್ಟಳು. ಅದರ ಮುಚ್ಚಳದ ಮೇಲೆ ಅವಳ ಹೆಸರು ಕೆತ್ತಿಸಿತ್ತು. ಮದುವೆಯಲ್ಲಿ ತವರಿನವರು ಕೊಟ್ಟಿದ್ದು. ಅವನು ಚಿಕ್ಕಂದಿನಿಂದ ಅದರಲ್ಲಿ ಉಂಡವನು. ಯಾವಾಗ ತೆಗೆದುಕೊಂಡು ಹೋದರೂ ಬರಿದಾಗಿ ತಂದುಕೊಟ್ಟವನಲ್ಲ. ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದೆಂದು ಅವರಮ್ಮ ಕಲಿಸಿದ್ದಳು. ಅವರೆಕಾಳೋ, ಹುರಿಗಡಲೆಯೋ, ಏನೂ ಇಲ್ಲದಿದ್ದರೆ ಎರಡು ಹಿಡಿ ರಾಗಿಯೋ ಇರುತ್ತಿತ್ತು.

ಜೋಲಾರಪೇಟೆ, ಕಾಟ್ಪಾಡಿ, ವಿಳ್ಳುಪುರ ಎಂದು ರೈಲು ಬದಲಾಯಿಸುತ್ತ, ಪ್ರತಿ ಸಲವೂ ಅವನು ಕಿಟಕಿಯಿಂದ ನುಗ್ಗಿ ಟವಲು ಹಾಸಿ ಹಿಡಿದ ಜಾಗದಲ್ಲಿ ಕೂತು, ಶುಕ್ರವಾರ ಮಧ್ಯಾಹ್ನ ವಿದೇಶಕ್ಕೆ ಕಾಲಿಟ್ಟೆವು. ವಿದೇಶ ಬಾಗಿಲು ಹಾಕಿಕೊಂಡಿತ್ತು. ಬಿಳಿಯರು ಇರುವ ಬೀದಿಗಳಲ್ಲಿ ಒಂದು ಅಂಗಡಿಯೂ ತೆರೆದಿಲ್ಲ. ಗುಡ್ ಫ್ರೈಡೇ ರಜೆಯಲ್ಲಿ ಕ್ರೈಸ್ತರ ಊರು ನೋಡಲು ಬಂದ ಮಹಾಬುದ್ಧಿವಂತರು ನಾವು. ಯೇಸು ಸತ್ತ ದಿನ ಬ್ರಾಂದಿ ಅಂಗಡಿ ಯಾಕೆ ತೆರೆದಿಲ್ಲ ಎಂದು ಜವಳಿ ಅಂಗಡಿಯವನು ಸಿಟ್ಟಾದ. ಗುಮಾಸ್ತ ಮುಚ್ಚಿದ ಬಾಗಿಲುಗಳನ್ನೇ ತೋರಿಸಿ, "ನೋಡ್ರೋ, ಬಾಗಿಲಂದ್ರೆ ಹಿಂಗಿರಬೇಕು" ಎಂದು ವರ್ಣಿಸಿದ. ದಾರಿಯಲ್ಲಿ ಟೋಪಿ ಹಾಕಿದ್ದ ಪೊಲೀಸಿನವನಿಗೆ ಬಗ್ಗಿ "ಬೋಂಜೂರ್" ಎಂದ. ಆ ಕಪ್ಪು ಮನುಷ್ಯ ನಮ್ಮ ಆಂಡರ್ಸನ್‌ಪೇಟೆಯ ತಮಿಳಿನಲ್ಲೇ, "ಏನು ಬೇಕು?" ಎಂದು ಕೇಳಿದ.

ಗೆಳೆಯ ಮಾತ್ರ ಎರಡು ದಿನವೂ ಸಮುದ್ರದ ಮುಂದೆ ಕೂತಿದ್ದ. "ಎಷ್ಟ್ ದೂರ ಕಾಣ್ತೈತ್ಲಾ! ಗಣಿ ಕೆಳಗ್ಡೆ ಮೂರ್ ಮಾರು ಕಂಡ್ರೆ ಎಚ್ಚು" ಎಂದ. ಮಗಳಿಗೆಂದು ನಾಲ್ಕು ಕಪ್ಪೆಚಿಪ್ಪು ಆಯ್ದು ಟವಲಿನ ತುದಿಗೆ ಕಟ್ಟಿಕೊಂಡ. ಇಡೀ ಗುಂಪಿನಲ್ಲಿ ಪಾಂಡಿಚೇರಿಯನ್ನು ನೋಡಿದವನು ಅವನೊಬ್ಬನೇ ಇರಬೇಕು.

ಶನಿವಾರ ಅಂಗಡಿಗಳು ತೆರೆದವು. ಗುಮಾಸ್ತ ಒಂದು ಕೈಗಡಿಯಾರ ಕೊಂಡ. ಅಲ್ಲಿ ಸುಂಕವಿಲ್ಲದ ಮಾಲು, ಗಡಿ ದಾಟಿಸುವಾಗ ಮಾತ್ರ ಸುಂಕ ಕಟ್ಟಬೇಕು. ಭಾನುವಾರ ಬೆಳಿಗ್ಗೆ, ಗೆಳೆಯ ಜಾಗ ಹಿಡಿಯಲು ಮುಂಚೆಯೇ ಸ್ಟೇಷನ್ನಿಗೆ ಹೋಗಿದ್ದಾಗ, ಅದನ್ನು ಬಾಳೆಲೆಯಲ್ಲಿ ಸುತ್ತಿ ನಮ್ಮಮ್ಮನ ಕ್ಯಾರಿಯರಿನ ಕೆಳಗಿನ ಡಬ್ಬಿಯಲ್ಲಿಟ್ಟು ಮೇಲೆ ಹೋಟೆಲಿನ ಚಿತ್ರಾನ್ನ ಮುಚ್ಚಿದ. "ಅನ್ನ ಯಾವನು ಕೆದಕಿ ನೋಡ್ತಾನೆ?" ಎಂದ. ಜವಳಿ ಅಂಗಡಿಯವನು ನಕ್ಕ. ನಾನೂ ನಕ್ಕೆ. ಸ್ಟೇಷನ್ನಿನಲ್ಲಿ ಕ್ಯಾರಿಯರನ್ನು ಎಂದಿನಂತೆ ಗೆಳೆಯನ ಕೈಗೆ ಕೊಟ್ಟೆವು. ಒಳಗೇನಿದೆ ಎಂದು ಯಾರೂ ಹೇಳಲಿಲ್ಲ.

ಗಡಿಯ ಸಣ್ಣ ಸ್ಟೇಷನ್ನಿನಲ್ಲಿ ಎಲ್ಲರನ್ನೂ ಇಳಿಸಿದರು. ಸುಂಕದವನು ನಮ್ಮ ವಯಸ್ಸಿನ ತಮಿಳು ಹುಡುಗ, ಬಿಸಿಲಿಗೆ ಬೇಸತ್ತಿದ್ದ. ಗುಮಾಸ್ತನ ಚೀಲದ ಬಾಯಿ ಅಗಲಿಸಿ ಮುಂದೆ ಕಳಿಸಿದ. ಜವಳಿ ಅಂಗಡಿಯವನ ಪೆಟ್ಟಿಗೆ ತಟ್ಟಿ ಕಳಿಸಿದ. ನನ್ನನ್ನು ನೋಡಲೂ ಇಲ್ಲ. ಹಾಗೇ ಗೆಳೆಯನನ್ನೂ ಬಿಟ್ಟುಬಿಡುತ್ತಿದ್ದ.

ಆದರೆ ಮೇಜು, ಅದರ ಹಿಂದೆ ಖಾಕಿ ಬಟ್ಟೆ ಕಂಡ ತಕ್ಷಣ ಗೆಳೆಯನ ಮೈ ತಾನೇ ಕೆಲಸ ಶುರುಮಾಡಿತು. ಟವಲು ಬಿಚ್ಚಿ ಕೊಡವಿದ, ಕಪ್ಪೆಚಿಪ್ಪು ಉದುರಿದವು. ಬಾಯಿ ತೆರೆದು ನಾಲಿಗೆ ಎತ್ತಿದ. ಸುತ್ತಲಿನವರು ನಗಲಾರಂಭಿಸಿದರು. ಸುಂಕದವನು ನಗಲಿಲ್ಲ, ಎದ್ದು ನಿಂತ. ಇಷ್ಟು ಚೆನ್ನಾಗಿ ಶೋಧನೆ ಕೊಡಲು ಬರುವವನು ಎಷ್ಟು ಸಲ ಸಿಕ್ಕಿಬಿದ್ದಿರಬೇಕು ಎಂದು ಅವನ ಮುಖದಲ್ಲೇ ಬರೆದಿತ್ತು. ಅಷ್ಟರಲ್ಲಿ ಗೆಳೆಯ ಕ್ಯಾರಿಯರ್ ಬಿಚ್ಚಿ ಒಂದೊಂದೇ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ ತಟ್ಟುತ್ತಿದ್ದ. ಮೂರನೆಯದನ್ನು ತಟ್ಟಿದಾಗ ಚಿತ್ರಾನ್ನದ ಜೊತೆ ಬಾಳೆಲೆ ಬಿತ್ತು, ಬಾಳೆಲೆಯಿಂದ ಗಡಿಯಾರ ಬಿತ್ತು. ಅವನು ಆಗಲೇ ಎರಡೂ ಕೈ ಎತ್ತಿ ನಿಂತಿದ್ದ.

"ಈ ಕ್ಯಾರಿಯರ್ ಯಾರದು?" ಸುಂಕದವನು ತಮಿಳಿನಲ್ಲಿ ಕೇಳಿದ.

"ಅವನದೇ" ಎಂದ ಗುಮಾಸ್ತ. ಅಂಥ ಚುರುಕು ಸ್ಟೋರಿನಲ್ಲಿ ಒಂದು ದಿನವೂ ಕಂಡಿರಲಿಲ್ಲ.

ಸುಂಕದವನು ಮುಚ್ಚಳ ತಿರುಗಿಸಿ ನೋಡಿದ. ಕನ್ನಡ ಅಕ್ಷರ ಅವನಿಗೆ ಬಾರದು. "ಇಲ್ಲಿ ಯಾರ ಹೆಸರಿದೆ?"

"ಅವನ ಹೆಂಡತಿಯದು" ಎಂದ ಗುಮಾಸ್ತ.

ಸುಂಕದವನು ಅದನ್ನು ನಂಬಲಿಲ್ಲವೇನೋ, ಮುಚ್ಚಳವನ್ನು ನನ್ನ ಕಡೆ ಹಿಡಿದ. "ನೀನು ಓದಬಲ್ಲೆಯಾ? ಹೌದಾ?"

ಗೆಳೆಯನಿಗೆ ಓದು ಬಾರದು. ಆದರೆ ಅದು ಯಾರ ಕ್ಯಾರಿಯರ್ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಕೈ ಎತ್ತಿಕೊಂಡೇ ನನ್ನನ್ನು ನೋಡಿದ. ಹೇಳುವ ಸರದಿ ನನ್ನದು ಎಂದು ಬಿಟ್ಟುಕೊಟ್ಟಿದ್ದ.

ನಮ್ಮಮ್ಮನ ಹೆಸರು ಕಣ್ಣೆದುರಿಗಿತ್ತು. ಓದಿದರೆ ನನ್ನ ಕೆಲಸ ಹೋಗುತ್ತದೆ. ಗುಮಾಸ್ತನ ಹೆಸರು ಹೇಳಿದರೆ ನಾಳೆಯಿಂದ ಗುಂಪಿನಲ್ಲಿ ನನಗೆ ಜಾಗವಿಲ್ಲ. ಈ ಎರಡನೆಯದನ್ನೂ ನಾನು ಯೋಚಿಸಿದೆ ಎಂಬುದನ್ನು ನೆನೆದರೆ ಈಗಲೂ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನ್ನಿಸುತ್ತದೆ. "ಹೌದು ಸಾರ್, ಅವನ ಹೆಂಡತಿ ಹೆಸರೇ" ಎಂದೆ.

ಗಡಿಯಾರ ಮುಟ್ಟುಗೋಲಾಯಿತು. ಅವನ ಹೆಸರು, ಕೆಲಸದ ಜಾಗ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡರು. ಕ್ಯಾರಿಯರ್ ಅವನದೆಂದು ತೀರ್ಮಾನವಾಗಿದ್ದರಿಂದ ಅವನ ಕೈಗೇ ಕೊಟ್ಟರು. ವಿಳ್ಳುಪುರದಲ್ಲಿ ಅವನು ಮೊದಲಿನಂತೆಯೇ ಕಿಟಕಿಯಿಂದ ನುಗ್ಗಿ ನಮಗೆ ಜಾಗ ಹಿಡಿದ. ನಾವು ನಾಚಿಕೆಯಿಲ್ಲದೆ ಕೂತೆವು. ಗುಮಾಸ್ತ ದಾರಿಯುದ್ದಕ್ಕೂ ಬರಿ ಮಣಿಕಟ್ಟು ಸವರಿಕೊಳ್ಳುತ್ತ ಅತ್ತಿದ್ದು ಗಡಿಯಾರಕ್ಕಾಗಿ. ಗೆಳೆಯ ಬಾಗಿಲ ಬಳಿ ನಿಂತೇ ಬಂದ.

ಸುಂಕದ ಕಟ್ಟೆಯ ಕಾಗದ ಕಂಪನಿಗೆ ಬಂತು. ಟೈಮಾಫೀಸಿನಲ್ಲಿ ಅದನ್ನು ಬಿಚ್ಚಿದವನು ನಾನೇ. ಆಗಲೂ ಎದ್ದುಹೋಗಿ ದೊರೆಗೆ ನಿಜ ಹೇಳಬಹುದಿತ್ತು. ಕಾಗದಕ್ಕೆ ಟ್ಯಾಗು ಹಾಕಿ ಮೇಲಕ್ಕೆ ಕಳಿಸಿದೆ. ಹದಿನೈದು ದಿನದಲ್ಲಿ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆಯಲು ಹುಕುಂ ಬಂತು. ಅಕ್ಷರ ಚೆನ್ನಾಗಿದೆ ಎಂದು ನನಗೆ ಕೊಟ್ಟ ಕೆಲಸ, ಗೆರೆಯನ್ನೂ ನೇರವಾಗಿಯೇ ಎಳೆದೆ.

ಲೈನಿನ ಮನೆ ಬಿಟ್ಟು ಊರಿಗೆ ಹೋಗುವ ದಿನ ಅವನು ನಮ್ಮ ಮನೆಗೆ ಬಂದ. ಬೆಳಗಿನ ಹೊತ್ತು. ಹೆಂಡತಿ ಮಗುವನ್ನು ಎತ್ತಿಕೊಂಡು, ಪಾತ್ರೆಯ ಗಂಟನ್ನು ಕಾಲ ಬಳಿ ಇಟ್ಟುಕೊಂಡು ಬೀದಿಯಲ್ಲೇ ನಿಂತಿದ್ದಳು. ನಮ್ಮಮ್ಮನಿಗೆ ಏನೂ ಗೊತ್ತಿರಲಿಲ್ಲ. ಕ್ಯಾರಿಯರ್ ನೋಡಿ ಹಿಗ್ಗಿದಳು.

"ಬಾರಪ್ಪಾ, ಇಷ್ಟ್ ದಿನಕ್ಕೆ ನೆಪ್ಪಾಯ್ತಾ? ಏನ್ ತಂದಿದ್ದೀಯ ನಂಗೆ?"

"ನೋಡಿ ದೊಡ್ಡಮ್ಮ" ಎಂದ.

ಕ್ಯಾರಿಯರನ್ನು ಜಗಲಿಯ ಮೇಲಿಟ್ಟು ಬಿಚ್ಚಿದ. ಹುಣಿಸೆಹಣ್ಣು ಹಚ್ಚಿ ಬೆಳಗಿದ್ದ. ಮೂರು ಡಬ್ಬಿಗಳನ್ನೂ ಒಂದೊಂದಾಗಿ ಬೋರಲು ಹಾಕಿ ತಟ್ಟಿದ. ಒಂದು ಕಾಳೂ ಬೀಳಲಿಲ್ಲ. ಆಮೇಲೆ ಅವನು ನನ್ನ ಕಡೆ ತಿರುಗಿದ. ತಲೆಯ ಟವಲು ಬಿಚ್ಚಿ ಕೊಡವಿದ. ಎರಡೂ ಕೈ ಎತ್ತಿ ನನ್ನ ಮುಂದೆ ನಿಂತ.

"ನೋಡ್ಕಳ್ಲಾ, ಏನೂ ಇಲ್ಲ."

"ಇದೇನ್ರೋ ನಿಮ್ ಆಟ?" ಎಂದು ನಮ್ಮಮ್ಮ ನಕ್ಕಳು.

ಅವನು ಕೈ ಇಳಿಸಲಿಲ್ಲ. ಬೀದಿಯಲ್ಲಿ ಅವನ ಹೆಂಡತಿ ಇತ್ತಲೇ ನೋಡುತ್ತಿದ್ದಳು. ಎಷ್ಟು ಹೊತ್ತಾದರೂ ಅವನು ಹಾಗೇ ನಿಂತಿದ್ದಾಗ, ಯಾವುದಕ್ಕಾಗಿ ಕಾಯುತ್ತಿದ್ದಾನೆ ಎಂದು ನನಗೆ ತಿಳಿಯಿತು.

"ಹೋಗು" ಎಂದೆ.